ಮನೆಯ ನಾಯಿ ತೀರಿಕೊಂಡಾಗ: ಮಣ್ಣು ಮಾಡುವುದರಿಂದ ಹಿಡಿದು ಮನಸ್ಸು ಸುಧಾರಿಸುವವರೆಗೆ

ತುಮಕೂರು ಕಡೆ ನಾಯಿ ಇಲ್ಲದ ತೋಟದ ಮನೆ ಹುಡುಕಿದರೂ ಸಿಗುವುದು ಕಷ್ಟ. ಪೇಟೆಯಲ್ಲೂ ಅಷ್ಟೇ. ಬಟವಾಡಿಯಿಂದ ಕ್ಯಾತ್ಸಂದ್ರದವರೆಗೆ ಯಾವ ಬೀದಿಗೆ ಹೋದರೂ ಯಾವುದೋ ಗೇಟಿನ ಸಂದಿಯಿಂದ ಒಂದು ಮೂತಿ ಹೊರಗೆ ಬಂದೇ ಬರುತ್ತದೆ. ಇಷ್ಟೆಲ್ಲ ಇದ್ದರೂ ಅದು ಸತ್ತಾಗ ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮನುಷ್ಯರು ಹೋದರೆ ಬೀದಿಯವರೆಲ್ಲ ಸೇರುತ್ತಾರೆ, ಒಬ್ಬರು ಓಡಾಟ ನೋಡಿಕೊಳ್ಳುತ್ತಾರೆ, ಪಕ್ಕದ ಮನೆಯಿಂದ ಕಾಫಿ ಬರುತ್ತದೆ, ಮೂರನೇ ದಿನ ಏನು ಹನ್ನೊಂದನೇ ದಿನ ಏನು ಅಂತ ಹಿರಿಯರಿಗೆ ಬಾಯಿಪಾಠ. ನಾಯಿ ಸತ್ತರೆ ಎದುರು ಮನೆಯವರು ಗೇಟಿನ ಹತ್ತಿರ ನಿಂತು "ನಾಯಿ ತಾನೆ, ಬಿಡಿ, ಇನ್ನೊಂದು ತಂದರಾಯ್ತು" ಅಂದು ಹೋಗುತ್ತಾರೆ. ಅವರು ಕೆಟ್ಟವರಲ್ಲ. ಬೇರೆ ಏನು ಹೇಳಬೇಕು ಅಂತ ಅವರಿಗೂ ಗೊತ್ತಿಲ್ಲ.

ನನ್ನ ಪ್ರಕಾರ ಇದು ಮನೆಯಲ್ಲಾದ ಸಾವು. ಸಾವಿನ ಮನೆಯಲ್ಲಿ ಏನೇನು ನಡೆಯುತ್ತದೋ ಅದು ಸ್ವಲ್ಪ ಮಟ್ಟಿಗೆ ಇಲ್ಲೂ ನಡೆಯಬೇಕು. ನೋಡಬೇಕು, ಮುಟ್ಟಬೇಕು, ಕೈಯಾರೆ ಮಣ್ಣು ಹಾಕಬೇಕು, ಅಳಬೇಕು, ನಾಲ್ಕು ಜನರ ಹತ್ತಿರ ಹೇಳಿಕೊಳ್ಳಬೇಕು. ಅವಸರದಲ್ಲಿ ಚೀಲಕ್ಕೆ ಹಾಕಿ ಎಲ್ಲೋ ಬಿಟ್ಟು ಬಂದ ಮನೆಗಳಲ್ಲಿ ಆ ಸಂಕಟ ಬಹಳ ಕಾಲ ಉಳಿಯುವುದನ್ನು ನೋಡಿದ್ದೇನೆ. ಅದಕ್ಕೇ ಕೆಲಸಗಳನ್ನು ಒಂದೊಂದಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ಗಂಟೆ

ಎದೆ ಏರಿಳಿಯುತ್ತಿದೆಯಾ ನೋಡಿ. ಎಡಗಡೆ ಮುಂಗಾಲಿನ ಹಿಂದೆ, ಎದೆಗೆ ಅಂಗೈ ಒತ್ತಿ ಬಡಿತ ಇದೆಯಾ ಗಮನಿಸಿ. ಅನುಮಾನ ಇದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಉಸಿರು ನಿಂತ ಮೇಲೂ ಒಂದೆರಡು ಸಲ ಮೈ ಅದುರಬಹುದು. ಅದು ಸ್ನಾಯುಗಳದ್ದು, ಜೀವ ಇದೆ ಅಂತ ಅಲ್ಲ.

ಎರಡು ಮೂರು ಗಂಟೆಯಲ್ಲಿ ಮೈ ಸೆಟೆಯಲು ಶುರುವಾಗುತ್ತದೆ. ಅದಕ್ಕೂ ಮುಂಚೆ ಕಾಲುಗಳನ್ನು ಹೊಟ್ಟೆಯ ಕಡೆ ಮಡಚಿ, ಅದು ಮಲಗುತ್ತಿದ್ದ ಹಾಗೆ ಸುರುಳಿಯಾಗಿ ಮಲಗಿಸಿ. ಕಾಲು ಚಾಚಿದ ಹಾಗೇ ಬಿಟ್ಟರೆ ಆಮೇಲೆ ಗುಂಡಿ ದೊಡ್ಡದು ತೋಡಬೇಕಾಗುತ್ತದೆ, ನೋಡುವುದಕ್ಕೂ ಕಷ್ಟವಾಗುತ್ತದೆ. ಕಣ್ಣು ಮುಚ್ಚಿಸಿದರೂ ಮತ್ತೆ ತೆರೆದುಕೊಳ್ಳುವುದೇ ಜಾಸ್ತಿ, ಅದಕ್ಕೆ ಗಾಬರಿ ಬೇಡ. ಬಾಯಿಂದ, ಹಿಂದಿನಿಂದ ನೀರು ಬರುತ್ತದೆ. ಹಾಗಾಗಿ ಕೆಳಗೆ ಗೊಬ್ಬರದ ಚೀಲ ಹಾಸಿ, ಅದರ ಮೇಲೆ ಹಳೇ ಹತ್ತಿ ಸೀರೆಯೋ ಪಂಚೆಯೋ ಹಾಕಿ ಮಲಗಿಸಿ. ಇರುವೆ ಬೇಗ ಬರುತ್ತವೆ, ನೆಲದ ಸುತ್ತ ಅರಿಶಿನವೋ ಸೀಮೆಸುಣ್ಣವೋ ಎಳೆಯಿರಿ.

ರಾತ್ರಿ ಹೋದರೆ ಬೆಳಿಗ್ಗೆವರೆಗೆ ಇಟ್ಟುಕೊಳ್ಳಬಹುದು. ಮನೆಯ ತಂಪಾದ ಮೂಲೆಯಲ್ಲಿಡಿ. ಫ್ರಿಜ್ಜಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಯ ಹತ್ತಿರ ಇಡಿ, ಮೊದಲು ಕೆಡುವುದು ಹೊಟ್ಟೆಯೇ. ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಾದರೆ ಬೆಳಿಗ್ಗೆಗಿಂತ ಜಾಸ್ತಿ ಹೊತ್ತು ತಡೆಯಬೇಡಿ. ಬೆಂಗಳೂರಿನಿಂದ ಮಗ ಬರಬೇಕು, ಮಗಳು ಬರಬೇಕು ಅಂತಿದ್ದರೆ ಕಾಯಿರಿ. ಕೊನೇ ಸಲ ನೋಡಲಿಲ್ಲ ಅನ್ನುವ ಕೊರಗು ಬಹಳ ದಿನ ಇರುತ್ತದೆ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ, ಸತ್ತಿದ್ದು ಅಂಟುರೋಗದಿಂದ ಅಲ್ಲದಿದ್ದರೆ, ಅದು ಬಂದು ಮೂಸಿ ನೋಡಲಿ. ತಡೆಯಬೇಡಿ, ಬಲವಂತವಾಗಿ ಎಳೆದುಕೊಂಡೂ ಬರಬೇಡಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಸಾಯುವ ಮುಂಚಿನ ದಿನಗಳಲ್ಲಿ ನಾಯಿ ಕಾರಣವಿಲ್ಲದೆ ಕಚ್ಚಲು ಬರುತ್ತಿತ್ತು, ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು, ನೀರು ನುಂಗಲು ಆಗುತ್ತಿರಲಿಲ್ಲ, ದನಿ ಬದಲಾಗಿತ್ತು ಅಂದರೆ ರೇಬಿಸ್ ಇರಬಹುದು. ಆಗ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಮುದ್ದು ಮಾಡಬೇಡಿ. ಪಶುವೈದ್ಯರಿಗೆ ತಿಳಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬಿಸ್ ಪರೀಕ್ಷೆಯ ಪ್ರಯೋಗಾಲಯ ಇದೆ, ಸ್ಯಾಂಪಲ್ ಕಳಿಸಬೇಕೋ ಬೇಡವೋ ಅವರೇ ಹೇಳುತ್ತಾರೆ. ಅದು ಕಚ್ಚಿದವರು, ಪರಚಿದವರು, ಗಾಯದ ಮೇಲೆ ಜೊಲ್ಲು ಬಿದ್ದವರು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ದುಃಖದಲ್ಲಿ ಇದನ್ನು ಮುಂದೂಡಬಾರದು. ರೋಗ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ.

ಯಾರೋ ವಿಷ ಹಾಕಿದ್ದಾರೆ ಅನ್ನುವ ಅನುಮಾನ ಬಲವಾಗಿದ್ದರೂ ಹೂಳುವ ಮುಂಚೆ ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆಗೆ ಕೇಳಿ. ಪ್ರಾಣಿಯನ್ನು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಅಪರಾಧ, ಪೊಲೀಸರಿಗೆ ದೂರು ಕೊಡಬಹುದು.

ಎಲ್ಲಿ, ಹೇಗೆ ಮಣ್ಣು ಮಾಡುವುದು

ಸ್ವಂತ ಜಮೀನಿದ್ದರೆ ಅದೇ ಒಳ್ಳೆಯದು. ಬಾವಿ, ಬೋರ್‌ವೆಲ್, ಹಳ್ಳ, ಕೆರೆ ಅಂಗಳದಿಂದ ದೂರ ಇರಲಿ. ಮಳೆ ನೀರು ನಿಲ್ಲುವ ತಗ್ಗು ಬೇಡ. ನಮ್ಮ ಕಡೆ ತೆಂಗಿನ ಮರದ ಬುಡಕ್ಕೆ ಹಾಕುವ ರೂಢಿ ಇದೆ, ಒಳ್ಳೆಯ ರೂಢಿಯೇ. ಆದರೆ ಬುಡಕ್ಕೆ ಅಂಟಿಕೊಂಡ ಹಾಗೆ ತೋಡಿದರೆ ಬೇರು ಕಡಿಯುತ್ತದೆ. ಮರದಿಂದ ಆರೇಳು ಅಡಿ ಬಿಟ್ಟು ತೋಡಿ.

ಆಳದ ವಿಚಾರದಲ್ಲಿ ಮಾತ್ರ ಸೋಮಾರಿತನ ಬೇಡ. ದೇಹದ ಮೇಲೆ ಕಡಿಮೆ ಅಂದರೂ ಮೂರು ಅಡಿ ಮಣ್ಣು ಬೀಳಬೇಕು, ಅಂದರೆ ಮಧ್ಯಮ ಗಾತ್ರದ ನಾಯಿಗೆ ನಾಲ್ಕು ಅಡಿ ಗುಂಡಿ. ಇದಕ್ಕಿಂತ ಮೇಲಿದ್ದರೆ ಬೀದಿ ನಾಯಿ, ನರಿ, ಹಂದಿ ಬಂದು ಕೆದಕುತ್ತವೆ. ಬೆಳಿಗ್ಗೆ ಎದ್ದು ಅದನ್ನು ನೋಡುವುದು ಯಾರಿಗೂ ಬೇಡ. ನಮ್ಮ ಕೆಂಪು ಮಣ್ಣಿನಲ್ಲಿ ಎರಡು ಅಡಿ ಹೋದ ಮೇಲೆ ಗರಸು ಸಿಗುತ್ತದೆ, ಗುದ್ದಲಿ ಜಗ್ಗುವುದಿಲ್ಲ. ಹಾರೆ ಇಟ್ಟುಕೊಳ್ಳಿ. ಬೇಸಿಗೆಯಾದರೆ ಗುರುತು ಮಾಡಿದ ಜಾಗಕ್ಕೆ ನಾಲ್ಕೈದು ಬಿಂದಿಗೆ ನೀರು ಸುರಿದು ಒಂದು ಗಂಟೆ ಬಿಟ್ಟು ಅಗೆಯಿರಿ. ಕೆಳಗೆ ಬಂಡೆ ಸಿಕ್ಕರೆ ಅಲ್ಲೇ ಗುದ್ದಾಡದೆ ಜಾಗ ಬದಲಾಯಿಸಿ. ಆಳು ಕರೆದು ತೋಡಿಸಿದರೂ ತಪ್ಪಿಲ್ಲ, ಆದರೆ ಮನೆಯವರು ಒಂದು ನಾಲ್ಕು ಏಟಾದರೂ ಹಾಕಿ. ಅಳು ಬಾರದೆ ಕಲ್ಲಿನ ಹಾಗೆ ಕೂತಿದ್ದ ಗಂಡಸರು ಗುದ್ದಲಿ ಹಿಡಿದ ಮೇಲೆ ಅತ್ತಿದ್ದನ್ನು ನೋಡಿದ್ದೇನೆ.

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೂಳಬೇಡಿ, ದೇಹ ಮಣ್ಣಿಗೆ ಸೇರುವುದಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ. ಸುಣ್ಣ ಚೆಲ್ಲಿದರೆ ವಾಸನೆ ತಡೆಯುತ್ತದೆ. ಉಪ್ಪು ಹಾಕುವವರೂ ಇದ್ದಾರೆ, ಹಾಕಿದರೆ ಹಾಕಿ. ಮಣ್ಣು ಮುಚ್ಚುವಾಗ ಮಧ್ಯೆ ಒಂದು ವರಸೆ ದಪ್ಪ ಕಲ್ಲು ಜೋಡಿಸಿ, ಮತ್ತೆ ಮಣ್ಣು ಹಾಕಿ ತುಳಿಯಿರಿ. ಮೇಲೆ ಒಂದು ಅಡಿ ದಿಬ್ಬ ಬಿಡಿ. ಮೊದಲ ಮಳೆಗೆ ಮಣ್ಣು ಕುಸಿಯುತ್ತದೆ, ಆಗ ದಿಬ್ಬ ನೆಲಕ್ಕೆ ಸಮ ಆಗುತ್ತದೆ.

ನರಳಾಟ ನೋಡಲಾಗದೆ ವೈದ್ಯರಿಂದ ಸಾಯುವ ಇಂಜೆಕ್ಷನ್ ಕೊಡಿಸಿ ಕಳಿಸಿದ ನಾಯಿಯಾದರೆ ಇನ್ನೂ ಆಳ ಇರಲಿ. ಆ ಔಷಧಿ ದೇಹದಲ್ಲೇ ಉಳಿದಿರುತ್ತದೆ. ಬೇರೆ ಪ್ರಾಣಿ ಕೆದಕಿ ತಿಂದರೆ ಅದೂ ಸಾಯಬಹುದು.

ಬಾಡಿಗೆ ಮನೆಯವರು, ಸೈಟಿನಲ್ಲಿ ಒಂದು ಅಡಿ ಮಣ್ಣೂ ಇಲ್ಲದವರು ಮೊದಲು ಹಳ್ಳಿಯಲ್ಲಿ ತೋಟ ಇರುವ ನೆಂಟರನ್ನೋ ಸ್ನೇಹಿತರನ್ನೋ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ನಾಯಿ ಸಾಕಿದವರು ಇಲ್ಲ ಅನ್ನುವುದಿಲ್ಲ. ದಹನ ಬೇಕು ಅಂದರೆ ಬೆಂಗಳೂರಿಗೇ ಹೋಗಬೇಕು. ಸುಮನಹಳ್ಳಿಯಲ್ಲಿ ಪ್ರಾಣಿಗಳ ವಿದ್ಯುತ್ ಚಿತಾಗಾರ ಇದೆ, ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯಲ್ಲಿ ಸಾಕುಪ್ರಾಣಿಗಳನ್ನು ಮಣ್ಣು ಮಾಡುವ ಜಾಗ ಇದೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಕೋಲಾರದಿಂದಲೂ ಹೆಚ್ಚುಕಡಿಮೆ ಅಷ್ಟೇ, ಚಿಕ್ಕಬಳ್ಳಾಪುರದಿಂದ ಸ್ವಲ್ಪ ಕಡಿಮೆ. ಹೊರಡುವ ಮುಂಚೆ ಫೋನ್ ಮಾಡಿ ಸಮಯ, ಖರ್ಚು ಕೇಳಿಕೊಳ್ಳಿ. ಇದ್ಯಾವುದೂ ಆಗದಿದ್ದರೆ ಪಾಲಿಕೆ, ನಗರಸಭೆಯ ಆರೋಗ್ಯ ವಿಭಾಗಕ್ಕೆ ತಿಳಿಸಿದರೆ ತೆಗೆದುಕೊಂಡು ಹೋಗುತ್ತಾರೆ. ಕೆರೆಗೋ ರಸ್ತೆ ಬದಿಯ ಪೊದೆಗೋ ಮಾತ್ರ ಎಸೆಯಬೇಡಿ. ನಮ್ಮ ಜೊತೆ ಬಾಳಿದ ಜೀವಕ್ಕೂ ಅದು ಅನ್ಯಾಯ, ಕೆರೆ ನೀರು ಕುಡಿಯುವ ದನಕ್ಕೂ ಅನ್ಯಾಯ.

ದೇಹವೇ ಸಿಗದಿದ್ದರೆ

ದೇವರಾಯನದುರ್ಗದ ಸುತ್ತಮುತ್ತಲಿನ ಹಳ್ಳಿಗಳವರಿಗೆ ಇದು ಗೊತ್ತು. ಚಿರತೆ ರಾತ್ರಿ ಬಂದು ಕಟ್ಟಿದ್ದ ನಾಯಿಯನ್ನೇ ಎಳೆದುಕೊಂಡು ಹೋಗುತ್ತದೆ. ಬೆಳಿಗ್ಗೆ ಅರ್ಧ ಸರಪಳಿ ಮಾತ್ರ ಇರುತ್ತದೆ. ಈ ಥರದ ಸಾವು ಬಹಳ ಕಾಡುತ್ತದೆ, ಎಲ್ಲೋ ಇರಬಹುದು ಅಂತ ಮನಸ್ಸು ಕಾಯುತ್ತಲೇ ಇರುತ್ತದೆ. ಒಂದಷ್ಟು ದಿನ ಹುಡುಕಿ, ಕೇಳಿ. ಆಮೇಲೆ ಅದರ ಬೆಲ್ಟನ್ನೋ, ಮಲಗುತ್ತಿದ್ದ ಗೋಣಿಚೀಲವನ್ನೋ ಮಣ್ಣು ಮಾಡಿ. ಅದಕ್ಕೂ ಮನೆಯವರೆಲ್ಲ ನಿಲ್ಲಿ.

ಹಾಲು ತುಪ್ಪ ಬಿಡಬಹುದಾ?

ಬಿಡಬಹುದು. ಮೂರನೇ ದಿನ ಗುಡ್ಡೆಯ ಮೇಲೆ ಒಂದು ಲೋಟ ಹಾಲು ಹಾಕಿ, ಅದು ಇಷ್ಟಪಡುತ್ತಿದ್ದ ಪಾರ್ಲೆ-ಜಿ ಬಿಸ್ಕತ್ತು ಇಟ್ಟು, ಬೀದಿಯ ನಾಲ್ಕು ನಾಯಿಗಳಿಗೆ ಅನ್ನ ಹಾಕಿದರೆ ಯಾವ ಶಾಸ್ತ್ರವೂ ಕೆಡುವುದಿಲ್ಲ. ಬೇಡ ಅನ್ನುವ ಹಿರಿಯರಿದ್ದರೆ ಜಗಳ ಮಾಡಬೇಡಿ, ಸುಮ್ನೆ ಒಂದು ಹೂವು ಇಟ್ಟು ಬನ್ನಿ.

ನಾಯಿಗೆ ಇದೆಲ್ಲ ಯಾಕೆ ಅಂತ ಯಾರಾದರೂ ಕೇಳಿದರೆ ಆತಕೂರಿನ ಕಲ್ಲಿನ ಕಥೆ ಹೇಳಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಆ ವೀರಗಲ್ಲು ಕಾಳಿ ಅನ್ನುವ ಬೇಟೆ ನಾಯಿಯದ್ದು. ಮಣಲೇರ ಅನ್ನುವ ವೀರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬಹುಮಾನವಾಗಿ ಬೇರೇನೂ ಬೇಡದೆ ಆ ನಾಯಿಯನ್ನೇ ಕೇಳಿ ಪಡೆದನಂತೆ. ಅದು ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅವನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಅಂತ ಭೂಮಿ ಬಿಟ್ಟ. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಎದುರುಬದುರಾಗಿ ಕಾದಾಡುತ್ತಿವೆ. ಅದನ್ನು ಈಗಲೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಸಾವಿರ ವರ್ಷದ ಹಿಂದೆಯೇ ಕನ್ನಡದವರು ನಾಯಿಗಾಗಿ ಅತ್ತಿದ್ದಾರೆ, ಕಲ್ಲಿನಲ್ಲಿ ಹೆಸರು ಬರೆಸಿದ್ದಾರೆ. ಕೋಲಾರದ ಕಡೆಯವರಿಗೆ ಸೀತಿ ಬೆಟ್ಟದ ಭೈರವೇಶ್ವರ ಗೊತ್ತಲ್ವಾ, ಭೈರವನ ಪಕ್ಕದಲ್ಲಿ ಇರುವುದೂ ನಾಯಿಯೇ. ಧರ್ಮರಾಯ ಸ್ವರ್ಗದ ಬಾಗಿಲಲ್ಲೂ ನಾಯಿಯನ್ನು ಬಿಟ್ಟು ಒಳಗೆ ಬರಲ್ಲ ಅಂದಿದ್ದನ್ನು ನಮ್ಮ ಅಜ್ಜಿಯರೇ ಹೇಳಿದ್ದಾರೆ.

ಮಕ್ಕಳಿಗೆ ಏನು ಹೇಳುವುದು

ಸುಳ್ಳು ಬೇಡ. "ತೋಟಕ್ಕೆ ಬಿಟ್ಟು ಬಂದಿದ್ದೀವಿ" ಅಂದರೆ ಮಗು ಪ್ರತಿ ಭಾನುವಾರ ತೋಟಕ್ಕೆ ಹೋಗೋಣ ಅನ್ನುತ್ತದೆ. "ಮಲಗಿದೆ" ಅಂದರೆ ಅದಕ್ಕೇ ರಾತ್ರಿ ಮಲಗಲು ಭಯ ಆಗುತ್ತದೆ. ಸರಳವಾಗಿ ಹೇಳಿ: "ಕೆಂಚನಿಗೆ ತುಂಬ ಹುಷಾರಿರಲಿಲ್ಲ. ಅದರ ಎದೆ ಬಡಿಯೋದು ನಿಂತುಹೋಯ್ತು. ಸತ್ತುಹೋಯ್ತು. ಇನ್ನು ಬರಲ್ಲ. ನನಗೂ ತುಂಬ ಅಳು ಬರ್ತಿದೆ." ಐದು ವರ್ಷದ ಒಳಗಿನ ಮಕ್ಕಳಿಗೆ ಸಾವು ಅಂದರೆ ಮತ್ತೆ ಬಾರದಿರುವುದು ಅಂತ ಅರ್ಥವಾಗುವುದಿಲ್ಲ. ಮಾರನೇ ದಿನವೂ "ಕೆಂಚ ಯಾವಾಗ ಬರ್ತಾನೆ" ಅಂತ ಕೇಳುತ್ತವೆ. ಬೇಸರಪಡದೆ ಅದೇ ಉತ್ತರ ಕೊಡಿ.

ಸ್ವಲ್ಪ ದೊಡ್ಡ ಮಕ್ಕಳು ಬೇರೆಯದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. "ನಾನು ಗೇಟ್ ಹಾಕಿರಲಿಲ್ಲ, ಅದಕ್ಕೇ ಹೋಯ್ತು", "ಅವತ್ತು ಬೈದಿದ್ದೆ" ಅಂತ. ಅವರಾಗಿ ಹೇಳುವುದಿಲ್ಲ. ನೀವೇ ಕೇಳಿ, ನಿನ್ನ ತಪ್ಪಿಲ್ಲ ಅಂತ ಬಾಯಿಬಿಟ್ಟು ಹೇಳಿ. ಮಣ್ಣು ಹಾಕುವಾಗ ಬರುತ್ತೇನೆ ಅಂದರೆ ಬರಲಿ. ಬರಲ್ಲ ಅಂದರೆ ಬಿಡಿ. ಮಾರನೇ ದಿನ ಪರೀಕ್ಷೆ ಇದ್ದರೆ ಟೀಚರಿಗೆ ಒಂದು ಮಾತು ತಿಳಿಸಿ.

ಮನೆಯ ಹಿರಿಯರನ್ನು ಮರೆಯಬೇಡಿ

ಎಲ್ಲರೂ ಮಕ್ಕಳನ್ನು ಸಮಾಧಾನ ಮಾಡುತ್ತಾರೆ. ಹಗಲೆಲ್ಲ ನಾಯಿಯ ಜೊತೆ ಇದ್ದದ್ದು ಅಜ್ಜ ಅಜ್ಜಿಯರು. ಆಫೀಸಿಗೆ, ಸ್ಕೂಲಿಗೆ ಎಲ್ಲರೂ ಹೋದ ಮೇಲೆ ಮನೆಯಲ್ಲಿ ಮಾತಾಡಿಸುವುದಕ್ಕೆ ಇದ್ದ ಜೀವ ಅದೊಂದೇ. ನಮ್ಮ ಅತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಆದರೆ ಊಟದ ಕೊನೆಗೆ ಮುದ್ದೆಯ ಒಂದು ತುತ್ತನ್ನು ತಟ್ಟೆಯ ಅಂಚಿಗೆ ತಳ್ಳಿ ಇಡುವುದನ್ನು ಬಿಡಲಾಗಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು. ಇಟ್ಟ ಮೇಲೆ ಅದನ್ನೇ ನೋಡುತ್ತಾ ಕೂರುತ್ತಿದ್ದರು, ಸಾರು ಒಣಗುವವರೆಗೆ. ಕೊನೆಗೆ ಆ ತುತ್ತನ್ನು ಬೀದಿಯ ಕಂದು ನಾಯಿಗೆ ಹಾಕಲು ಶುರು ಮಾಡಿದರು. ಹೇಳಿಕೊಟ್ಟವರು ಯಾರೂ ಇಲ್ಲ.

ಹಿರಿಯರಿಗೆ ವಾಕಿಂಗ್ ತಪ್ಪಿಹೋಗುತ್ತದೆ, ಅದನ್ನು ಗಮನಿಸಿ. ನಾಯಿ ಇದ್ದಾಗ ಬೆಳಿಗ್ಗೆ ಅಮಾನಿಕೆರೆ ದಂಡೆಯವರೆಗೆ ಹೋಗುತ್ತಿದ್ದವರು ಈಗ ಮಂಚ ಬಿಟ್ಟು ಏಳುವುದಿಲ್ಲ. ಒಂದಷ್ಟು ದಿನ ನೀವೇ ಜೊತೆಗೆ ಹೋಗಿ.

ಗೇಟಿನ ಸದ್ದು, ಖಾಲಿ ತಟ್ಟೆ

ಮೊದಲ ವಾರ ಮನೆ ತುಂಬ ಸದ್ದಿಲ್ಲದೆ ಇರುತ್ತದೆ. ರೆಡ್ ಆಕ್ಸೈಡ್ ನೆಲದ ಮೇಲೆ ಉಗುರಿನ ಟಕ್ ಟಕ್ ಕೇಳಿದ ಹಾಗಾಗುತ್ತದೆ. ಸೈಕಲ್ ಒಳಗೆ ತರುವಾಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ಪಕ್ಕಕ್ಕೆ ಹೆಜ್ಜೆ ಇಡುತ್ತೀರಿ. ಇದು ಹುಚ್ಚಲ್ಲ, ಇಷ್ಟು ವರ್ಷದ ಅಭ್ಯಾಸ.

ಸಾಮಾನುಗಳನ್ನು ಅವತ್ತೇ ಎತ್ತಿ ಬಿಸಾಡಬೇಡಿ. ಕಣ್ಣಿಗೆ ಬಿದ್ದರೆ ತಡೆಯಲಾಗುತ್ತಿಲ್ಲ ಅಂದರೆ ಒಂದು ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಇಡಿ. ತಿಂಗಳು ಕಳೆದ ಮೇಲೆ ನೋಡಿ. ಬೆಲ್ಟು, ಒಂದು ಫೋಟೋ ಉಳಿಸಿಕೊಳ್ಳಿ. ಸತ್ತಿದ್ದು ಅಂಟುರೋಗದಿಂದ ಅಲ್ಲದಿದ್ದರೆ ಉಳಿದ ಫುಡ್, ಹೊದಿಕೆ ಬೇರೆ ನಾಯಿಗಳಿಗೆ ಕೊಡಬಹುದು. ಮಿಕ್ಕ ಮಾತ್ರೆಗಳನ್ನು ಮಾತ್ರ ಪಶುವೈದ್ಯರನ್ನು ಕೇಳದೆ ಯಾರಿಗೂ ಕೊಡಬೇಡಿ.

ಜೊತೆ ನಾಯಿ ಇದ್ದರೆ ಅದೂ ಹುಡುಕುತ್ತದೆ, ಬಾಗಿಲ ಹತ್ತಿರ ಕೂರುತ್ತದೆ, ಊಟ ಕಡಿಮೆ ಮಾಡುತ್ತದೆ. ಅದರ ಊಟ, ಓಡಾಟದ ಹೊತ್ತು ಬದಲಾಯಿಸಬೇಡಿ. ಎರಡು ದಿನ ಏನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಿ.

"ನಾನೇ ಸಾಯಿಸಿಬಿಟ್ಟೆನಾ?"

ನಾಯಿ ಕಳೆದುಕೊಂಡವರಲ್ಲಿ ಹೆಚ್ಚಿನವರು ರಾತ್ರಿ ಮಲಗಿದಾಗ ಕೇಳಿಕೊಳ್ಳುವ ಪ್ರಶ್ನೆ ಇದು. ಮುಂಚೆಯೇ ಆಸ್ಪತ್ರೆಗೆ ಹೋಗಿದ್ದರೆ, ಬೆಂಗಳೂರಿಗೇ ಕರೆದುಕೊಂಡು ಹೋಗಿದ್ದರೆ, ಇನ್ನಷ್ಟು ದುಡ್ಡು ಇದ್ದಿದ್ದರೆ. ಕೆಲವು ವಿಷಯ ತಿಳಿದಿರಲಿ. ನಾಯಿಗಳು ನೋವನ್ನು ಮುಚ್ಚಿಡುತ್ತವೆ. ಕಿಡ್ನಿ ತೊಂದರೆಯಲ್ಲಿ ನೀರು ಜಾಸ್ತಿ ಕುಡಿಯುವುದು, ಸೊರಗುವುದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಿಡ್ನಿಯ ಸುಮಾರು ಮೂರರಲ್ಲಿ ಎರಡು ಪಾಲು ಕೆಲಸ ನಿಂತಿರುತ್ತದೆ. ಉಣ್ಣೆ ಹುಳ ಕಚ್ಚಿ ಬರುವ ಜ್ವರ ಎಷ್ಟೋ ದಿನ ಹೊರಗೆ ಕಾಣದೆ ಇದ್ದು ಆಮೇಲೆ ಮೂಗಿನಲ್ಲಿ ರಕ್ತ ಬಂದಾಗ ಗೊತ್ತಾಗುವುದುಂಟು. ತೋಟದಲ್ಲಿ ಕೊಳಕುಮಂಡಲ ಕಚ್ಚಿದರೆ, ಊರಲ್ಲಿ ಔಷಧಿ ಇದ್ದೂ ಕೈಮೀರುವುದಿದೆ.

ಇಂಜೆಕ್ಷನ್ ಕೊಡಿಸಿದವರ ಸಂಕಟ ಇನ್ನೂ ಒಂದು ತೂಕ ಜಾಸ್ತಿ. ಅಲ್ಲಿ ನಡೆಯುವುದೇನು ಅಂದರೆ, ಸಾಮಾನ್ಯವಾಗಿ ಮೊದಲು ಮಂಪರು ಬರುವ ಔಷಧಿ ಕೊಡುತ್ತಾರೆ. ಆಮೇಲೆ ಅರಿವಳಿಕೆಯ ಔಷಧಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಹೋಗುತ್ತದೆ, ಹೃದಯ ನಿಲ್ಲುವುದು ಅದಾದ ಮೇಲೆ. ಕೊನೆಗೆ ಒಂದು ಉಸಿರು ಜೋರಾಗಿ ಎಳೆದಿದ್ದರೆ ಅದು ನೋವಲ್ಲ, ಅಷ್ಟು ಹೊತ್ತಿಗೆ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಈ ಭಯ ಇದ್ದವರು ಅದೇ ವೈದ್ಯರ ಹತ್ತಿರ ಇನ್ನೊಂದು ಸಲ ಹೋಗಿ ಕೂತು ಕೇಳಿ. ಫೋನಿನಲ್ಲಿ ಬೇಡ, ಎದುರಿಗೆ ಕೇಳಿ.

ಮನಸ್ಸಿನಲ್ಲೇ ತಿರುಗಿಸುತ್ತಿದ್ದರೆ ಅದು ನಿಲ್ಲುವುದಿಲ್ಲ. ಒಂದು ಹಾಳೆ ತೆಗೆದು ಕೊನೆಯ ದಿನಗಳಲ್ಲಿ ಏನೇನು ಮಾಡಿದಿರಿ ಅಂತ ಬರೆಯಿರಿ. ಗ್ಲೂಕೋಸ್ ಹಾಕಿಸಿದ್ದು, ರಾತ್ರಿ ಎದ್ದು ಮಗ್ಗುಲು ತಿರುಗಿಸಿದ್ದು, ಸಿರಿಂಜಿನಲ್ಲಿ ಎಳನೀರು ಕುಡಿಸಿದ್ದು. ಎಷ್ಟೊಂದು ಮಾಡಿದ್ದೀರಿ ಅಂತ ಆಗ ಕಾಣುತ್ತದೆ.

ಜನರ ಮಾತಿಗೆ ಏನು ಮಾಡುವುದು

"ನಾಯಿ ತಾನೆ" ಅಂದವರಿಗೆ ಉತ್ತರ ಕೊಡಲೇಬೇಕು ಅಂತ ಏನಿಲ್ಲ. ಕೊಡಬೇಕು ಅನ್ನಿಸಿದರೆ "ಹೌದು, ನಾಯೀನೇ. ನಮ್ಮ ಮನೇದು" ಅನ್ನಿ, ಸಾಕು. ಆಫೀಸಿನಲ್ಲಿ ರಜೆ ಬೇಕಾದರೆ ಮನೆಯಲ್ಲಿ ಸಾವಾಗಿದೆ ಅನ್ನಿ, ಅದು ಸುಳ್ಳಲ್ಲ. ವಾಟ್ಸಾಪಿನಲ್ಲಿ ಫೋಟೋ ಹಾಕಬೇಕು ಅನ್ನಿಸಿದರೆ ಹಾಕಿ. ಯಾರ್‍ಯಾರೋ ಫೋನ್ ಮಾಡಿ ತಮ್ಮ ಸತ್ತುಹೋದ ಟಾಮಿ, ಜೂಲಿಯ ಕಥೆ ಹೇಳಲು ಶುರು ಮಾಡುತ್ತಾರೆ. ಅವರ ಹತ್ತಿರ ಮಾತಾಡಿ, ಅವರಿಗೆ ಅರ್ಥವಾಗುತ್ತದೆ.

ದುಃಖ ಒಂದೇ ಸಮನೆ ಇಳಿಯುವುದಿಲ್ಲ. ಸರಿಹೋಯ್ತು ಅಂದುಕೊಂಡ ಮೇಲೆ ದೀಪಾವಳಿ ಬರುತ್ತದೆ. ಪಟಾಕಿ ಸದ್ದಿಗೆ ಮಂಚದ ಕೆಳಗೆ ನುಗ್ಗಿ ನಡುಗುತ್ತಿದ್ದ ನಾಯಿ ಇರುವುದಿಲ್ಲ, ಮೊದಲನೇ ಪಟಾಕಿಗೇ ಕಣ್ಣು ತುಂಬಿಬಿಡುತ್ತದೆ. ಅಂಥ ದಿನ ಬರುತ್ತದೆ ಅಂತ ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು.

ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ತಡಮಾಡದೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ನಂಬರಿಗೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ನಾಯಿಗಾಗಿ ಅಂತ ಹೇಳಲು ನಾಚಿಕೆ ಬೇಡ. ಎಷ್ಟೋ ಸಲ ಇದರ ಜೊತೆಗೆ ಹಳೆಯ ಸಾವುಗಳ ದುಃಖವೂ ಎದ್ದು ಬಂದಿರುತ್ತದೆ.

ಇನ್ನೊಂದು ಮರಿ ಯಾವಾಗ?

ಮನೆಯವರೆಲ್ಲ ಒಪ್ಪಿದಾಗ. ಒಬ್ಬರು ಇನ್ನೂ ಅಳುತ್ತಿದ್ದರೆ ಕಾಯಿರಿ. ಅವರಿಗೆ ಆಶ್ಚರ್ಯ ಮಾಡೋಣ ಅಂತ ಹೇಳದೆ ಮರಿ ತರಬೇಡಿ. ಕೆಲವರಿಗೆ ತಿಂಗಳಲ್ಲಿ ಮನಸ್ಸು ಬರುತ್ತದೆ, ಕೆಲವರಿಗೆ ವರ್ಷ ಬೇಕು, ಕೆಲವರಿಗೆ ಬೇಡವೇ ಬೇಡ. ಹೊಸದಕ್ಕೆ ಹಳೆಯದರ ಹೆಸರು ಇಡಬೇಡಿ, ಪಾಪ, ಅದು ಬೇರೆ ಜೀವ. ಚಳಿಗಾಲದಲ್ಲಿ ಬೀದಿಯಲ್ಲೇ ನಾಟಿ ಮರಿಗಳು ಬೇಕಾದಷ್ಟು ಇರುತ್ತವೆ, ದುಡ್ಡು ಕೊಟ್ಟು ಜಾತಿ ನಾಯಿ ತರುವ ಮುಂಚೆ ಅವನ್ನು ಒಂದು ಸಲ ನೋಡಿ.

ಹಳೆಯ ನಾಯಿ ಪಾರ್ವೋ ಅನ್ನುವ ವಾಂತಿಭೇದಿಯ ಅಂಟುರೋಗದಿಂದ ಸತ್ತಿದ್ದರೆ ಮಾತ್ರ ಹುಷಾರು. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷದವರೆಗೂ ಉಳಿಯುತ್ತದೆ. ಫಿನೈಲ್ ಹಾಕಿದರೆ ಸಾಯುತ್ತದೆ ಅಂತ ನಂಬಬೇಡಿ. ನೆಲವನ್ನು ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ಒರೆಸಿ. ಅಂಗಳದ ಮಣ್ಣಿಗೆ ಇದು ನಾಟುವುದಿಲ್ಲ. ಹಾಗಾಗಿ ಲಸಿಕೆ ಪೂರ್ತಿಯಾಗದ ಮರಿಯನ್ನು ಅಂಥ ಮನೆಗೆ ತರಬೇಡಿ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಹಳೆಯ ತಟ್ಟೆಯಲ್ಲೇ ಊಟ ಹಾಕೋಣವಾ ಅಂತ ಮನೆಯವರನ್ನು ಕೇಳಿ, ಕೆಲವರಿಗೆ ಅದು ಇಷ್ಟ, ಕೆಲವರಿಗೆ ಆಗುವುದಿಲ್ಲ. ಪಾರ್ವೋ ಆಗಿದ್ದ ಮನೆಯಲ್ಲಿ ಕೇಳುವುದೇನೂ ಇಲ್ಲ, ಹೊಸ ತಟ್ಟೆಯನ್ನೇ ತನ್ನಿ.